ಬೆಂಗಳೂರಿಂದ ಮದ್ರಾಸ್ ಟ್ರ್ಯಾಕ್‌ಗೆ: ಓಡಿಸಿಕೊಂಡು ಹೋಗಿ, ಅದೇ ಕಾರಲ್ಲಿ ವಾಪಸ್ ಬರೋದು ಹೇಗೆ

ಫ್ಲಾಟ್‌ಬೆಡ್ ಲಾರಿ ಮೇಲೆ ಕಾರು ಕಳಿಸಿ, ತಾವು ವಿಮಾನದಲ್ಲಿ ಹೋಗಿ ಇಳಿಯುವವರಿಗೆ ಈ ಬರಹ ಅಲ್ಲ. ವಾರವಿಡೀ ಔಟರ್ ರಿಂಗ್ ರೋಡಲ್ಲಿ ತೆವಳುವ ಕಾರನ್ನೇ ಶುಕ್ರವಾರ ಹೈವೇಗೆ ಹತ್ತಿಸಿ, ಶನಿವಾರ ರೇಸ್ ಟ್ರ್ಯಾಕಲ್ಲಿ ಓಡಿಸಿ, ಭಾನುವಾರ ಮನೆಗೆ ತಂದು, ಸೋಮವಾರ ಅದರಲ್ಲೇ ಆಫೀಸಿಗೆ ಹೋಗಬೇಕಾದವರಿಗೆ. ಕಾರು ವಾಪಸ್ ಬರಲೇಬೇಕು ಅಂತ ಒಮ್ಮೆ ಒಪ್ಪಿಕೊಂಡರೆ ಅರ್ಧ ತೀರ್ಮಾನಗಳು ತಾವಾಗೇ ಆಗಿಬಿಡುತ್ತವೆ: ಯಾವ ಬ್ರೇಕ್ ಪ್ಯಾಡ್ ಹಾಕಬೇಕು, ಎಷ್ಟು ಲ್ಯಾಪ್ (ಸುತ್ತು) ಹೊಡೀಬೇಕು, ಯಾವಾಗ ಸಾಕು ಅನ್ನಬೇಕು, ಎಲ್ಲ.

ಯಾವ ಟ್ರ್ಯಾಕು?

ಬೆಂಗಳೂರಿನವರಿಗೆ ಹತ್ತಿರದ್ದು, ಹೆಸರಿದ್ದದ್ದು ಅಂದರೆ ಶ್ರೀಪೆರಂಬದೂರಿನ ಪಕ್ಕದ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹಳಬರ ಬಾಯಲ್ಲಿ ಇನ್ನೂ ಎಂಎಂಆರ್‌ಟಿ, ಅಂದರೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿಸಿದ ಟ್ರ್ಯಾಕ್ ಇದು. ಅದಕ್ಕೂ ಮುಂಚೆ ಆ ಕಡೆಯ ರೇಸುಗಳೆಲ್ಲ ಶೋಲಾವರಂನ ಹಳೇ ಯುದ್ಧಕಾಲದ ಏರ್‌ಸ್ಟ್ರಿಪ್ ಮೇಲೆ ನಡೆಯುತ್ತಿದ್ದವು. ಪೂರ್ತಿ ಸುತ್ತು 3.717 ಕಿ.ಮೀ., 12 ತಿರುವು. ತಿರುವುಗಳಿಗೆ ಚಂದದ ಹೆಸರೇನೂ ಇಲ್ಲ, ಸಿ1, ಸಿ2, ಸಿ3 ಅಷ್ಟೇ.

ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಆಸುಪಾಸಿನ ಚಿಕ್ಕ ಟ್ರ್ಯಾಕು. ಕಮ್ಮಿ ಪವರಿನ ಹ್ಯಾಚ್‌ಬ್ಯಾಕಿಗೆ ಅಲ್ಲೇ ಹೆಚ್ಚು ಮಜಾ ಅನ್ನೋದು ನನ್ನ ಅನುಭವ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್, 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಜಾಗ, 5.125 ಕಿ.ಮೀ., ಮೂರು ವರ್ಷವೂ ಗೆದ್ದವನು ಸೆಬಾಸ್ಟಿಯನ್ ವೆಟೆಲ್. ಆಸೆ ಎಲ್ಲರಿಗೂ ಇದೆ. ಆದರೆ ಹೋಗೋಕೇ ಎರಡು ಸಾವಿರ ಕಿ.ಮೀ. ದಾಟುತ್ತೆ. ಅದಕ್ಕೆ ಲಾರಿಯೇ ಸರಿ, ಹಾಗಾಗಿ ಇಲ್ಲಿಗೆ ಬಿಡೋಣ.

ಇರುಂಗಾಟ್ಟುಕೋಟೈ ಸಿಲ್ಕ್ ಬೋರ್ಡಿನಿಂದ ಸುಮಾರು 310 ಕಿ.ಮೀ. ಜನವರಿ, ಫೆಬ್ರವರಿ ಉತ್ತಮ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರು ಮಳೆ. ಮೇ ತಿಂಗಳಲ್ಲಿ ಹೋಗುತ್ತೀನಿ ಅನ್ನುವವರಿಗೆ ಕೈ ಮುಗಿಯಬೇಕು. ನಮ್ಮ ಬೆಂಗಳೂರಿನ ಮೈಗೆ ಆ ಧಗೆ ಆಗಿಬರೋದಿಲ್ಲ, ಕಾರಿಗೂ ಆಗಿಬರೋದಿಲ್ಲ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ರೇಸಿಗೆ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸು ಬೇಕು. ಟ್ರ್ಯಾಕ್ ಡೇಗೆ ಸಾಮಾನ್ಯವಾಗಿ ಮಾಮೂಲಿ ಡ್ರೈವಿಂಗ್ ಲೈಸೆನ್ಸು, ಹೆಲ್ಮೆಟ್ಟು, ಫಿಟ್ ಆಗಿರುವ ಕಾರು ಸಾಕು. ಯಾರೋ ಆಯೋಜಕರು ದಿನದ ಬಾಡಿಗೆಗೆ ಟ್ರ್ಯಾಕ್ ತಗೊಂಡು, 15–20 ನಿಮಿಷದ ಸೆಷನ್‌ಗಳಾಗಿ ಹಂಚುತ್ತಾರೆ. ಹೆಸರು ಕೊಡುವಾಗ "ನಾನು ಹೊಸಬ" ಅಂತಲೇ ಬರೆಸಿ. ಅನುಭವ ಇದೆ ಅಂತ ಬರೆಸಿ ವೇಗದ ಗುಂಪಿಗೆ ಬಿದ್ದವರ ಕನ್ನಡಿ ತುಂಬ ದಿನವಿಡೀ ಬೇರೆಯವರ ಹೆಡ್‌ಲೈಟೇ ಇರುತ್ತೆ.

ವಿಮೆ: ಒಂದೇ ಸಾಲು, ಆದರೆ ಮೊದಲು ಓದಬೇಕಾದ ಸಾಲು

ನಿಮ್ಮ ಪಾಲಿಸಿ ಕಾಗದದಲ್ಲಿ ಬಳಕೆಯ ಮಿತಿಗಳು ಅಂತ ಒಂದು ಚಿಕ್ಕ ಅಕ್ಷರದ ಭಾಗ ಇರುತ್ತೆ. ಆಯೋಜಿತ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ಸ್, ಇವಕ್ಕೆ ಕವರ್ ಇಲ್ಲ ಅಂತ ಅಲ್ಲೇ ಬರೆದಿದೆ. ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವ ಕವರ್) ಇದೆ, ಎಂಜಿನ್ ಪ್ರೊಟೆಕ್ಟ್ ಇದೆ ಅಂತ ಧೈರ್ಯ ತಗೋಬೇಡಿ. ಟ್ರ್ಯಾಕ್ ಒಳಗೆ ಬಂಪರ್ ಹೋದರೆ ನಿಮ್ಮ ಜೇಬು, ತಡೆಗೋಡೆಗೆ ಗುದ್ದಿದರೆ ಅದರ ರಿಪೇರಿಯೂ ಹಲವು ಕಡೆ ನಿಮ್ಮ ಜೇಬು. ಸಹಿ ಹಾಕಿಸಿಕೊಳ್ಳುವ ಫಾರಂನಲ್ಲಿ ಅದನ್ನೂ ಬರೆದಿರುತ್ತಾರೆ, ನಿಂತು ಓದಿ. ನನ್ನ ಲೆಕ್ಕ ಸರಳ: ಮುಂದಿನ ಬಂಪರ್, ಎರಡು ಹೆಡ್‌ಲೈಟ್, ರೇಡಿಯೇಟರ್, ಇಷ್ಟರ ಖರ್ಚನ್ನು ಸಾಲ ಮಾಡದೆ ಕಟ್ಟುವ ಶಕ್ತಿ ಇದ್ದರೆ ಮಾತ್ರ ಹೋಗೋದು.

ಬ್ರೇಕು: ಹದಿನೈದು ದಿನ ಮುಂಚೆ

ಹೆಚ್ಚಿನ ಜನ ಮೊದಲು ಕೇಳೋದು ರೀಮ್ಯಾಪ್ (ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸೋದು) ಬಗ್ಗೆ, ಎಕ್ಸಾಸ್ಟ್ ಬಗ್ಗೆ. ಎರಡೂ ಬೇಡ. ಕಂಪನಿಯಿಂದ ಬಂದ ಪವರೇ ಮೊದಲ ವರ್ಷಕ್ಕೆ ಹೆಚ್ಚಾಯ್ತು. ಇರೋ ದುಡ್ಡನ್ನೆಲ್ಲ ಬ್ರೇಕಿಗೆ ಹಾಕಿ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. 1,500 ಕೆ.ಜಿ. ತೂಗುವ ಕಾರನ್ನು ಗಂಟೆಗೆ 160 ಕಿ.ಮೀ.ನಿಂದ 60ಕ್ಕೆ ಒಮ್ಮೆ ಇಳಿಸಿದರೆ ಹುಟ್ಟುವ ಶಾಖದಲ್ಲಿ ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದೂ ಮೂರ್ನಾಲ್ಕು ಸೆಕೆಂಡಿನಲ್ಲಿ. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿಗೆ ಹೋಗುತ್ತೆ. ಒಂದು ಲ್ಯಾಪಿನಲ್ಲಿ ಇಂಥ ಗಟ್ಟಿ ಬ್ರೇಕಿಂಗು ಮೂರ್ನಾಲ್ಕು ಸಲ, ಒಂದು ಸೆಷನ್ನಿಗೆ ಎಂಟೊಂಬತ್ತು ಲ್ಯಾಪು. ನೈಸ್ ರೋಡಲ್ಲಿ ಎಷ್ಟೇ ಜೋರಾಗಿ ಓಡಿಸಿದರೂ ಈ ಶಾಖದ ಹತ್ತಿರಕ್ಕೂ ಹೋಗೋದಿಲ್ಲ.

ಈ ಶಾಖ ಕಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ದಾಟಿ ಬ್ರೇಕ್ ಫ್ಲೂಯಿಡ್‌ಗೆ ಮುಟ್ಟುತ್ತೆ. ಆ ದ್ರವಕ್ಕೆ ಗಾಳಿಯ ತೇವ ಹೀರಿಕೊಳ್ಳುವ ಚಾಳಿ. ಡಾಟ್ 4 ಅಂತ ಹೆಸರಿರುವ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಅದರಲ್ಲಿ 3.7% ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 5.1ಕ್ಕೆ ಇದೇ ಅಂಕಿಗಳು 260, 180. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಆವಿಯನ್ನು ಅದುಮಬಹುದು, ದ್ರವವನ್ನು ಅದುಮೋಕಾಗಲ್ಲ. ಪೆಡಲ್ ಒತ್ತಿದರೆ ಹತ್ತಿ ದಿಂಬು ತುಳಿದ ಹಾಗೆ ನೆಲಕ್ಕೆ ಹೋಗುತ್ತೆ.

ನನಗೆ ಇದು ಗೊತ್ತಾದದ್ದು ಮೊದಲ ಟ್ರ್ಯಾಕ್ ಡೇಯ ಎರಡನೇ ಸೆಷನ್ನಿನಲ್ಲಿ, ಆರನೇ ಲ್ಯಾಪಿನಲ್ಲಿ. ಕಾಲು ಕೆಳಗೆ ಹೋಯ್ತು, ಕಾರು ನಿಲ್ಲಲಿಲ್ಲ. ಎರಡು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹೊರಗಿನ ಮಣ್ಣಿಗೆ ನೆಟ್ಟಗೆ ಬಿಟ್ಟೆ. ತಿರುಗಿಸೋಕೆ ಹೋಗಲಿಲ್ಲ, ಅದೊಂದೇ ನಾನು ಅವತ್ತು ಮಾಡಿದ ಸರಿ ಕೆಲಸ. ಧೂಳು, ಎದೆ ಬಡಿತ, ಅಷ್ಟಕ್ಕೇ ಮುಗೀತು. ಹೋಗುವ ಮುಂಚೆ ಊರಲ್ಲಿ ಒಂದು ಗ್ಯಾರೇಜಲ್ಲಿ ಫ್ಲೂಯಿಡ್ ಬದಲಾಯಿಸಿದ್ದೆ, ಬಿಲ್ಲಿನಲ್ಲೂ ಇತ್ತು. ಸಂಜೆ ಪ್ಯಾಡಕ್ಕಿನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಅಂಗಳ) ಪಕ್ಕದವರ ಸ್ಪ್ಯಾನರ್ ಇಸ್ಕೊಂಡು, ಕಾಲಿಪರ್‌ನಿಂದ ಫ್ಲೂಯಿಡ್ ಹೊರಗೆ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿದರೆ ಟ್ಯೂಬಿನಲ್ಲಿ ಇಳಿದದ್ದು ಕಾಫಿ ಡಿಕಾಕ್ಷನ್. ಬಾನೆಟ್ ಒಳಗಿನ ಡಬ್ಬಿಯಲ್ಲಿ ಮಾತ್ರ ಜೇನಿನ ಬಣ್ಣದ ಹೊಸದು. ಮೇಲಿನ ಡಬ್ಬಿಯದನ್ನು ಹೀರಿ ತೆಗೆದು ಹೊಸದು ಸುರಿದಿದ್ದರು, ಅಷ್ಟೇ.

ಆವತ್ತಿಂದ ನಾನೇ ಮಾಡಿಕೊಳ್ತೀನಿ. ನೀವು ಮಾಡಿಸುವುದಾದರೆ ಪಕ್ಕದಲ್ಲೇ ನಿಂತು ಮಾಡಿಸಿ. ನಾಲ್ಕೂ ಚಕ್ರದ ಕಾಲಿಪರ್‌ನಿಂದ ಹಳೇದು ಹೊರಗೆ ಬರಬೇಕು, ಪಾರದರ್ಶಕ ಟ್ಯೂಬಿನಲ್ಲಿ ಬಣ್ಣ ಬದಲಾಗೋದು ಕಣ್ಣಿಗೆ ಕಾಣಬೇಕು, ನಡುವೆ ಡಬ್ಬಿ ಖಾಲಿ ಆಗಬಾರದು. ಒಂದು ಲೀಟರ್ ಇಟ್ಟುಕೊಂಡರೆ ಸಾಕು. 300 ಡಿಗ್ರಿಗೂ ಮೇಲೆ ಕುದಿಯುವ ರೇಸಿಂಗ್ ಫ್ಲೂಯಿಡ್‌ಗಳು ಸಿಗುತ್ತವೆ. ಡಾಟ್ 4ಕ್ಕೆ ಹೊಂದುವಂಥದ್ದೇ ತಗೊಳ್ಳಿ. ಡಾಟ್ 5 ಅನ್ನೋದು ಸಿಲಿಕೋನ್ ಎಣ್ಣೆ, ಅದನ್ನು ಮಾತ್ರ ಬೆರೆಸಬೇಡಿ. 5 ಬೇರೆ, 5.1 ಬೇರೆ, ಜೆ.ಸಿ. ರೋಡಿನ ಅಂಗಡಿಯಲ್ಲಿ ಬಾಟ್ಲಿ ಕೈಗೆ ತಗೊಂಡು ಓದಿ.

ಪ್ಯಾಡ್ ವಿಷಯದಲ್ಲಿ ವಾಪಸ್ ಬರುವ ಲೆಕ್ಕ ನೆನಪಿರಲಿ. ಅಪ್ಪಟ ರೇಸ್ ಪ್ಯಾಡ್‌ಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯೋದಿಲ್ಲ. ಹೊಸೂರು ರೋಡಲ್ಲಿ ಬಿಎಂಟಿಸಿ ಬಸ್ಸು ಗಕ್ಕನೆ ಅಡ್ಡ ಬಂದಾಗ ಪ್ಯಾಡ್ ಇನ್ನೂ ಬಿಸಿ ಆಗಿರಲ್ಲ. ರಸ್ತೆಗೂ ಟ್ರ್ಯಾಕಿಗೂ ಆಗುವ ಮಧ್ಯಮ ಜಾತಿಯ ಪ್ಯಾಡ್ ಹಾಕಿಸಿ, ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿರಲಿ. ಒಂದು ವ್ಯತ್ಯಾಸ ತಿಳಿದಿರಬೇಕು: ಪೆಡಲ್ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ, ನಿಧಾನವಾಗಿ ಎರಡು ಲ್ಯಾಪ್ ಓಡಿಸಿದರೆ ಸುಧಾರಿಸಿಕೊಳ್ಳುತ್ತೆ. ಪೆಡಲ್ ಮೆತ್ತಗಾಗಿದ್ದರೆ ಫ್ಲೂಯಿಡ್ ಕುದಿದಿದೆ, ಬ್ಲೀಡ್ ಮಾಡುವವರೆಗೆ ಆಟ ಬಂದ್.

ಟೈರು, ಮತ್ತೆ ಒಂದು ಗಾಳಿ ಲೆಕ್ಕ

ಹಳೇ ಟೈರ್ ಹೇಗೂ ಹಾಳಾಗುತ್ತೆ, ಟ್ರ್ಯಾಕಿಗೆ ಅದೇ ಇರಲಿ ಅನ್ನುವವರಿದ್ದಾರೆ. ಐದಾರು ವರ್ಷದ ಗಟ್ಟಿ ರಬ್ಬರ್ ಬೇಡ. ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತೆ: 2323 ಅಂದರೆ 2023ರ 23ನೇ ವಾರ ತಯಾರಾದದ್ದು. ಪಕ್ಕೆಯಲ್ಲಿ ಉಬ್ಬು ಇದ್ದರೆ (ನಮ್ಮೂರ ಗುಂಡಿಗಳ ಕೃಪೆ) ಆ ಟೈರು ಟ್ರ್ಯಾಕಿಗೆ ಹೋಗೋದೇ ಇಲ್ಲ.

ಬೆಂಗಳೂರಲ್ಲಿ ಬೆಳಗ್ಗೆ 33 ಪಿಎಸ್‌ಐ ಹಾಕಿದ ಟೈರು ಟ್ರ್ಯಾಕಲ್ಲಿ ಬಿಸಿಯಾದ ಮೇಲೆ 40 ದಾಟುತ್ತೆ. ನಡುಭಾಗ ಉಬ್ಬಿ ಹಿಡಿತ ಕಮ್ಮಿಯಾಗುತ್ತೆ. ಹಾಗಾಗಿ ಟ್ರ್ಯಾಕಿನಲ್ಲಿ ತಣ್ಣಗಿರುವಾಗ ಮೂರು ಪಿಎಸ್‌ಐ ಕಮ್ಮಿ ಮಾಡಿ ಶುರು ಮಾಡ್ತೀನಿ, ಸೆಷನ್ ಮುಗಿದ ಕೂಡಲೇ ಬಿಸಿಯಲ್ಲೇ ಅಳೆದು ನಾಲ್ಕೂ ಟೈರು 37–38ರ ಹತ್ತಿರ ಬರೋ ಹಾಗೆ ಬಿಡ್ತೀನಿ. ಸರಿಯಾಗಿದೆಯಾ ಅಂತ ನೋಡೋಕೆ ಗೇಜಿಗಿಂತ ಸೀಮೆಸುಣ್ಣ ಒಳ್ಳೇದು: ಟೈರಿನ ಅಂಚಿನಿಂದ ಪಕ್ಕೆಯವರೆಗೆ ಅಡ್ಡ ಗೆರೆ ಎಳೆಯಿರಿ. ಪಕ್ಕೆಯಲ್ಲಿ ಒಂದು ಚಿಕ್ಕ ತ್ರಿಕೋನದ ಗುರುತು ಇರುತ್ತೆ. ಸುಣ್ಣ ಅಲ್ಲಿವರೆಗೂ ಅಳಿಸಿದ್ದರೆ ಸರಿ, ತ್ರಿಕೋನವನ್ನೂ ದಾಟಿದ್ದರೆ ಟೈರು ಮಗುಚಿಕೊಳ್ತಿದೆ, ಗಾಳಿ ಸ್ವಲ್ಪ ಹೆಚ್ಚಿಸಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಶ್ರೀಪೆರಂಬದೂರು ಹೆಚ್ಚುಕಮ್ಮಿ ಸಮುದ್ರದ ಮಟ್ಟಕ್ಕೇ. ಗೇಜು ತೋರಿಸೋದು ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚು ಅನ್ನೋದನ್ನ. ಕೆಳಗಿಳಿದಂತೆ ಹೊರಗಿನ ಒತ್ತಡ ಹೆಚ್ಚಾಗಿ, ಗೇಜು ಒಂದೂವರೆ ಪಿಎಸ್‌ಐ ಹತ್ತಿರ ಕಮ್ಮಿ ತೋರಿಸಬೇಕು. ಅಲ್ಲಿನ ಸೆಖೆ ಹೆಚ್ಚುಕಮ್ಮಿ ಅಷ್ಟನ್ನೇ ಏರಿಸುತ್ತೆ. ಒಂದಕ್ಕೊಂದು ವಜಾ! ಟರ್ಬೊ ಇಲ್ಲದ ಎಂಜಿನ್ ಇಟ್ಟವರಿಗೆ ಮಾತ್ರ ನಿಜವಾದ ಲಾಭ: ಕೆಳಗೆ ಗಾಳಿ ದಟ್ಟ, ಕಾರು ಮನೆಯಲ್ಲಿದ್ದಾಗಿಗಿಂತ ಚುರುಕಾಗಿ ಎಳೆಯುತ್ತೆ.

ಉಳಿದ ತಯಾರಿ

ಎಂಜಿನ್ ಆಯಿಲ್ ಹೊಸದಾಗಿರಲಿ, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯ ಹತ್ತಿರ ಇರಲಿ, ದಾಟದಿರಲಿ. ಕೂಲೆಂಟ್ ನೋಡಿ. ಬ್ಯಾಟರಿ ಅಲ್ಲಾಡಬಾರದು. ವೀಲ್ ಬೇರಿಂಗ್ ಸದ್ದು ಇದ್ದರೆ ಮೊದಲು ಅದು. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನವರಿಗೆ ಒಂದು ಮಾತು: ಡ್ರೈ ಕ್ಲಚ್ ಜಾತಿಯದ್ದಾದರೆ ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಒಮ್ಮೆಲೇ ಚಿಮ್ಮಿಸುವ ಸೌಲಭ್ಯ) ಆಟ ಬೇಡ, ಬಿಸಿಯಾಗಿ ಎಚ್ಚರಿಕೆ ದೀಪ ಬಂದರೆ ಆ ದಿನ ಮುಗೀತು.

ಹೆಲ್ಮೆಟ್ ಪೂರ್ತಿ ಮುಖದ್ದು. ಬಟ್ಟೆ ಹತ್ತಿಯದ್ದು, ತುಂಬು ತೋಳು. ನೈಲಾನ್ ಜೆರ್ಸಿ ಬೆಂಕಿಗೆ ಕರಗಿ ಮೈಗೆ ಅಂಟುತ್ತೆ. ಶೂ ತೆಳ್ಳನೆಯ ಅಟ್ಟೆಯದ್ದು. ದಪ್ಪ ರನ್ನಿಂಗ್ ಶೂ ಹಾಕಿದರೆ ಪೆಡಲಿನ ಸುದ್ದಿ ಕಾಲಿಗೆ ಮುಟ್ಟೋದಿಲ್ಲ.

ಡಿಕ್ಕಿಗೆ: ಟಾರ್ಕ್ ರೆಂಚ್, ಗೇಜು, ಚಿಕ್ಕ ಕಂಪ್ರೆಸರ್, ಒಂದು ಲೀಟರ್ ಎಂಜಿನ್ ಆಯಿಲ್, ಅರ್ಧ ಲೀಟರ್ ಬ್ರೇಕ್ ಫ್ಲೂಯಿಡ್, ಬ್ಲೀಡ್ ಟ್ಯೂಬು, ಕೈಗವಸು, ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ, ಓಆರ್‌ಎಸ್. ಟ್ರ್ಯಾಕಲ್ಲಿ ಸ್ಟೆಪ್ನಿ ಸಮೇತ ಎಲ್ಲ ಇಳಿಸಬೇಕಲ್ಲ, ಆ ಡಬ್ಬ ಅದಕ್ಕೆ, ಮಳೆ ಬಂದರೂ ಸಾಮಾನು ನೆನೆಯಲ್ಲ.

ಮೊದಲ ಸಲ ಹೋಗುವವರು ಅದಕ್ಕೂ ಮುಂಚೆ ಬೆಂಗಳೂರಲ್ಲೇ ಯಾವುದಾದರೂ ಗೋ ಕಾರ್ಟ್ ಟ್ರ್ಯಾಕಿಗೆ ನಾಲ್ಕು ಸಲ ಹೋಗಿ. ದೂರ ನೋಡೋದು, ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸೋದು, ಎರಡನ್ನೂ ಅದು ಅಗ್ಗದಲ್ಲಿ ಕಲಿಸುತ್ತೆ.

ಶುಕ್ರವಾರ: ದಾರಿ

ಬೆಳಗ್ಗೆ ಐದಕ್ಕೆ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲಿರಬೇಕು. ಹೊಸೂರು, ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು, ವೆಲ್ಲೂರು, ವಾಲಾಜಾಪೇಟೆ, ಶ್ರೀಪೆರಂಬದೂರು. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹೊಸ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ತೆರೆದಿದೆ. ವೈಟ್‌ಫೀಲ್ಡ್ ಕಡೆಯವರಿಗೆ ಆಸೆ ಆಗುತ್ತೆ. ಆದರೆ ಅದು ಬಿಡುವ ಜಾಗದಿಂದ ಮುಂದೆ ಚಿಕ್ಕ ರಸ್ತೆಗಳು, ಕೆಳಮಟ್ಟದ ಕಾರಿಗೆ ಹಂಪ್‌ಗಳ ಕಾಟ. ನಾನಿನ್ನೂ ಹಳೇ ದಾರಿಯವನೇ.

ಹೈವೇಯಲ್ಲಿ ಮೈ ಮರೆಯಬೇಡಿ. ಕಾರುಗಳ ಮಿತಿ 100, ಅಲ್ಲಲ್ಲಿ ಇನ್ನೂ ಕಮ್ಮಿ, ಕ್ಯಾಮೆರಾ ಇದೆ. ನಾಲ್ಕೈದು ಕಾರು ಸಾಲಾಗಿ ಹಾರ್ನ್ ಹೊಡ್ಕೊಂಡು ಹೋಗೋದು ಬೇಡ. ಜೋರು ಸದ್ದಿನ ಎಕ್ಸಾಸ್ಟ್ ಇರುವ ಕೆಎ ನಂಬರಿನ ಗುಂಪು ಎಲ್ಲ ಚೆಕ್‌ಪೋಸ್ಟಿಗೂ ಇಷ್ಟ. ಆಂಬೂರಲ್ಲಿ ಬಿರಿಯಾನಿ ತಿನ್ನಬೇಕು ಅನ್ನುವವರು ಬರುವಾಗ ತಿನ್ನಿ, ಹೋಗುವಾಗ ಇಡ್ಲಿ ಸಾಕು.

ಮಧ್ಯಾಹ್ನದೊಳಗೆ ಶ್ರೀಪೆರಂಬದೂರು ಸೇರಿದರೆ ರೂಮು ಹಿಡಿದು, ಸಂಜೆ ಟ್ಯಾಂಕ್ ತುಂಬಿಸಿ. ಟ್ರ್ಯಾಕಿನ ನೆರೆಯಲ್ಲೇ ಹ್ಯುಂಡೈ ಕಾರ್ಖಾನೆ ಇರುವುದರಿಂದ ಕೊರಿಯನ್ ಊಟದ ಹೋಟೆಲ್‌ಗಳೂ ಇವೆ. ಇದು ರಾಮಾನುಜಾಚಾರ್ಯರು ಹುಟ್ಟಿದ ಊರು. ಅವರು ಇಲ್ಲಿಂದ ನಮ್ಮ ಮೇಲುಕೋಟೆವರೆಗೆ ಬಂದವರು, ನಾವು ಉಲ್ಟಾ ದಿಕ್ಕಿಗೆ. ಸಂಜೆ ದೇವಸ್ಥಾನಕ್ಕೆ ಹೋಗಿ ಬಂದು ಒಂಬತ್ತಕ್ಕೆ ಮಲಗಿ.

ಪೆಟ್ರೋಲ್ ಲೆಕ್ಕ: 20 ನಿಮಿಷದ ಸೆಷನ್ನಿಗೆ ಒಂಬತ್ತು ಲ್ಯಾಪು, ಅಂದರೆ 33 ಕಿ.ಮೀ. ಟ್ರ್ಯಾಕಲ್ಲಿ ಲೀಟರಿಗೆ ನಾಲ್ಕು ಕಿ.ಮೀ. ಸಿಕ್ಕರೆ ಪುಣ್ಯ, ಹಾಗಾಗಿ ಸೆಷನ್ನಿಗೆ ಎಂಟು ಲೀಟರ್. ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ, ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಹೋಗಿ ಎಂಜಿನ್ ಮುಗ್ಗರಿಸಬಹುದು.

ಶನಿವಾರ: ಟ್ರ್ಯಾಕು

ಏಳಕ್ಕೆ ಗೇಟಲ್ಲಿರಿ. ಕಾರು ಪೂರ್ತಿ ಖಾಲಿ ಮಾಡಿ: ನೀರಿನ ಬಾಟ್ಲಿ, ಫಾಸ್ಟ್ಯಾಗ್ ರಸೀದಿ, ಡ್ರೈವರ್ ಕಡೆಯ ಮ್ಯಾಟು. ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಬಿಡಿಸಿ ಬಟ್ಟೆಯಲ್ಲಿ ಸುತ್ತಿ ಬ್ಯಾಗಲ್ಲಿಡಿ. ಗಟ್ಟಿ ಬ್ರೇಕ್ ಹೊಡೆದಾಗ ಆತ ಪೆಡಲ್ ಕೆಳಗೆ ಬರಬಾರದು. ವೀಲ್ ನಟ್ಟುಗಳನ್ನು ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ಮಾಡಿ.

ಬ್ರೀಫಿಂಗ್ ತಪ್ಪಿಸಬೇಡಿ. ಬಾವುಟಗಳು ಬಾಯಿಪಾಠ ಇರಲಿ. ಹಳದಿ ಅಂದರೆ ಮುಂದೆ ಅಪಾಯ, ನಿಧಾನ, ಓವರ್‌ಟೇಕ್ ಇಲ್ಲ. ಕೆಂಪು ಅಂದರೆ ಸೆಷನ್ ನಿಂತಿದೆ, ಮೆಲ್ಲಗೆ ಪಿಟ್‌ಗೆ. ನೀಲಿ ಅಂದರೆ ಹಿಂದೆ ವೇಗದ ಕಾರು ಬರ್ತಿದೆ, ದಾರಿ ಕೊಡಿ. ಹಳದಿ ಕೆಂಪು ಪಟ್ಟೆ ಅಂದರೆ ಎಣ್ಣೆ ಅಥವಾ ಮಣ್ಣು ಚೆಲ್ಲಿ ಜಾರುತ್ತಿದೆ. ಕಪ್ಪು ತೋರಿಸಿದರೆ ನಿಮ್ಮನ್ನೇ ಕರೀತಿದ್ದಾರೆ, ವಾದ ಬೇಡ, ಒಳಗೆ ಬನ್ನಿ.

ಮೊದಲ ಸೆಷನ್ ಪೂರ್ತಿ ನೋಡೋದಕ್ಕೆ, ವೇಗಕ್ಕಲ್ಲ. ಬಾವುಟ ತೋರಿಸುವ ಮಾರ್ಷಲ್‌ಗಳು ನಿಲ್ಲುವ ಕಟ್ಟೆಗಳು ಎಲ್ಲಿವೆ, ಟಾರು ಎಲ್ಲಿ ಬಣ್ಣ ಬದಲಾಯಿಸುತ್ತೆ, ಬ್ರೇಕ್ ಹೊಡೆಯೋಕೆ ಯಾವ ಬೋರ್ಡು ಗುರುತು. ಹೊರಗಿಂದ ಒಳಗೆ, ಒಳಗಿಂದ ಹೊರಗೆ ಅನ್ನುವ ಗೆರೆಯನ್ನು ಅರ್ಧ ವೇಗದಲ್ಲಿ ಕೂರಿಸಿಕೊಳ್ಳಿ. ಬ್ರೇಕ್ ನೇರ ಇದ್ದಾಗಲೇ ಮುಗಿಸಿ, ಸ್ಟೀರಿಂಗ್ ತಿರುಗಿಸಿ, ಒಳ ಅಂಚು ಮುಟ್ಟಿದ ಮೇಲೆ ಸ್ಟೀರಿಂಗ್ ಬಿಚ್ಚಿದಷ್ಟೇ ಆಕ್ಸಿಲರೇಟರ್ ಕೊಡಿ. ನಮ್ಮೂರಲ್ಲಿ ಓಡಿಸಿ ಓಡಿಸಿ ಮುಂದಿನ ಕಾರಿನ ಬಂಪರ್ ಮಾತ್ರ ನೋಡುವ ಅಭ್ಯಾಸ ನಮಗೆ. ಇಲ್ಲಿ ಈ ತಿರುವಿನಲ್ಲಿದ್ದಾಗ ಕಣ್ಣು ಮುಂದಿನದರ ಮೇಲಿರಬೇಕು. ನನಗೆ ಅದು ಬರೋಕೆ ಮೂರು ಟ್ರ್ಯಾಕ್ ಡೇ ಬೇಕಾಯ್ತು. ಇಎಸ್‌ಪಿ (ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಆರಿಸಬೇಡಿ, ಯಾರು ಏನೇ ಅಂದರೂ.

ಸೆಷನ್ನಿನ ಕೊನೆ ಲ್ಯಾಪು ತಣಿಸುವ ಲ್ಯಾಪು. ಬ್ರೇಕ್ ಮುಟ್ಟದೆ, ಎತ್ತರದ ಗೇರಿನಲ್ಲಿ ಗಾಳಿ ಕುಡಿಸಿಕೊಂಡು ಬನ್ನಿ. ಪ್ಯಾಡಕ್ಕಿಗೆ ಬಂದು ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡು ಕಾದ ಡಿಸ್ಕಿಗೆ ಒಂದೇ ಕಡೆ ಅಂಟಿ ಮಚ್ಚೆ ಬೀಳುತ್ತೆ, ಆಮೇಲೆ ಬೆಂಗಳೂರುವರೆಗೂ ಬ್ರೇಕ್ ಹೊಡೆದಾಗಲೆಲ್ಲ ಕಾರು ನಡುಗುತ್ತೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳಲ್ಲಿ ಆಟೋ ಹೋಲ್ಡ್ ಮೊದಲೇ ಆಫ್ ಮಾಡಿ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಡಿ. ಎಂಜಿನ್ ಎರಡು ನಿಮಿಷ ಐಡಲ್ ಓಡಲಿ, ಬಾನೆಟ್ ತೆರೆದಿಡಿ, ಟೈರ್ ಅಳೆಯಿರಿ, ಪೆಡಲ್ ಒತ್ತಿ ನೋಡಿ, ಆಮೇಲೆ ನೀವು ನೀರು ಕುಡೀರಿ.

ನಾಲ್ಕು ಸೆಷನ್ನಿಗೆ ದುಡ್ಡು ಕಟ್ಟಿರ್ತೀವಿ, ಮೂರಕ್ಕೆ ನಿಲ್ಲಿಸೋದು ನನ್ನ ಪದ್ಧತಿ. ಮಧ್ಯಾಹ್ನ ಮೂರರ ನಂತರ ದೇಹ ಸೋತಿರುತ್ತೆ, ತಲೆ ಮಾತ್ರ ಇನ್ನೊಂದು ಸೆಕೆಂಡ್ ಕಮ್ಮಿ ಮಾಡೋಣ ಅನ್ನುತ್ತೆ.

ಭಾನುವಾರ: ವಾಪಸ್

ಶನಿವಾರ ರಾತ್ರಿಯೇ ಹೊರಡೋ ಆಸೆ ಬರುತ್ತೆ. ಬೇಡ. ದಿನವಿಡೀ 160 ನೋಡಿದ ಕಣ್ಣಿಗೆ 100 ಅಂದರೆ ನಿಂತ ಹಾಗೆ ಕಾಣುತ್ತೆ, ಪಕ್ಕದ ಸರ್ವಿಸ್ ರೋಡಿಂದ ನುಗ್ಗುವ ಟ್ರ್ಯಾಕ್ಟರಿಗೆ ಲೈಟೂ ಇರಲ್ಲ. ಬೆಳಗ್ಗೆ ಟೈರಿಗೆ ಮತ್ತೆ ರಸ್ತೆಯ ಗಾಳಿ ತುಂಬಿಸಿ, ನಟ್ ಟಾರ್ಕ್ ಮಾಡಿ, ಆಯಿಲ್ ನೋಡಿ (ಕಾಲು ಲೀಟರ್ ಇಳಿದಿದ್ದರೆ ಗಾಬರಿ ಬೇಡ), ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಪ್ಯಾಡ್ ನೋಡಿ. ಪೆಡಲ್ ನಿನ್ನೆಗಿಂತ ಒಂದು ಬೆರಳು ಕೆಳಗಿದ್ದರೂ ಅಲ್ಲೇ ಬ್ಲೀಡ್ ಮಾಡಿಕೊಂಡು ಹೊರಡಿ. ಕೃಷ್ಣಗಿರಿ ದಾಟಿ ಅತ್ತಿಬೆಲೆಯ ಕ್ಯೂಗೆ ಸೇರುವ ಹೊತ್ತಿಗೆ ಮಧ್ಯಾಹ್ನ ಎರಡಾಗಿರಲಿ, ಸಂಜೆಯಾದರೆ ಊರಿಂದ ವಾಪಸ್ ಬರುವವರೆಲ್ಲ ಅಲ್ಲೇ ಇರ್ತಾರೆ.

ಮನೆಗೆ ಬಂದ ಮೇಲೆ ಮುಂದಿನ ಚಕ್ರದ ಕಮಾನಿನೊಳಗೆ ಕೈ ಹಾಕಿ. ಕಡಲೆಕಾಳಿನ ಗಾತ್ರದ ಕರೀ ರಬ್ಬರ್ ಉಂಡೆಗಳು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ಅರ್ಧ ನಿಮ್ಮ ಟೈರಿಂದು, ಅರ್ಧ ಇನ್ಯಾರದ್ದೋ. ನೀರಿಗೆ ಹೋಗೋದಿಲ್ಲ. ಒಂದೊಂದಾಗಿ ಉಗುರಲ್ಲಿ ಕಿತ್ತು, ಉಳಿದ ಕಲೆಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಒರೆಸಿ.